ಫೋಟೊದ ಕೆಳಗಿನ ಸಾಲು

ದಸರಾ ರಜೆಗೆ ಬಾಗಲಕೋಟೆಗೆ ಬಂದ ಅಣ್ಣನ ಮಗಳು ಬ್ಯಾಗಿನಿಂದ ಒಂದು ಹಳೇ ಮ್ಯಾಗಜಿನ್ ತೆಗೆದು ನಡುಮನೆಯಲ್ಲಿ ಇಟ್ಟಳು. ಮುಖಪುಟದ ಹುಡುಗಿ ಒಂದು ಕಣ್ಣು ಮುಚ್ಚಿಕೊಂಡು ನಮ್ಮನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದ ಅವ್ವ ಮರ ಕೆಳಗಿಟ್ಟು ಬಗ್ಗಿ ನೋಡಿದಳು.

‘ಪಾಪ, ಈ ಹುಡುಗಿ ಕಣ್ಣಿಗೆ ಏನಾಗೇತಿ?’

‘ಏನೂ ಆಗಿಲ್ಲ ಆಯಿ. ಕಣ್ಣ ಹೊಡ್ಯಾಕತ್ತಾಳ.’

‘ಯಾರಿಗೆ?’

ನಾವಿಬ್ಬರೂ ನಕ್ಕೆವು. ಆಮೇಲೆ ಅನ್ನಿಸಿತು, ಕೇಳಬೇಕಾದ ಪ್ರಶ್ನೆ ಅದೇ ಅಲ್ವಾ?

ಅಣ್ಣನ ಮಗಳು ಹೊರ ಊರಿನಲ್ಲಿ ಬಟ್ಟೆ ವಿನ್ಯಾಸ ಓದುತ್ತಾಳೆ. ಈ ಸಂಚಿಕೆಯನ್ನು ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡಿದ್ದಳು. ಎಷ್ಟು ಕೊಟ್ಟೆ ಅಂತ ಕೇಳಿದರೆ ಅವ್ವನಿಗೆ ಕೇಳಿಸದ ಹಾಗೆ ಹೇಳಿದಳು. ಆ ದುಡ್ಡಿಗೆ ಒಂದು ಪಾವರ್‌ಲೂಮ್ ಇಳಕಲ್ ಸೀರೆ ಬರುತ್ತಿತ್ತು. ಕೈಯಲ್ಲಿ ಫೋನಿದೆ, ಅದರಲ್ಲಿ ಬೇಕಾದಷ್ಟು ಬಟ್ಟೆ, ಬೇಕಾದಷ್ಟು ಫೋಟೊ, ಎಲ್ಲಾ ಪುಕ್ಕಟೆ. ಹಾಗಿರುವಾಗ ಇಪ್ಪತ್ತರ ಹುಡುಗಿ ಮಾಸಿದ ಕಾಗದಕ್ಕೆ ಅಷ್ಟು ದುಡ್ಡು ಯಾಕೆ ಸುರಿದಳು? ಅವಳೊಬ್ಬಳೇ ಅಲ್ಲ, ಅವಳ ಗೆಳತಿಯರಿಗೂ ಇದೇ ಹುಚ್ಚು. ಹಳೇ ಸಂಚಿಕೆ ಹುಡುಕುತ್ತಾರೆ, ಸಾಲದ್ದಕ್ಕೆ ತಾವೇ ಪುಟ್ಟ ಪುಟ್ಟ ಪತ್ರಿಕೆ ಮಾಡಿ ಹಂಚುತ್ತಾರೆ.

ಆ ಮ್ಯಾಗಜಿನ್ನಿನ ಹೆಸರು ‘ಐ-ಡಿ’. ಲಂಡನ್ನಿನದು, ಶುರುವಾದದ್ದು 1980ರಲ್ಲಿ. ಶುರು ಮಾಡಿದ ಟೆರ್ರಿ ಜೋನ್ಸ್ ಅದಕ್ಕೂ ಮೊದಲು ಬ್ರಿಟನ್ನಿನ ‘ವೋಗ್’ ಅನ್ನುವ ದೊಡ್ಡ ಫ್ಯಾಷನ್ ಮ್ಯಾಗಜಿನ್ನಿನಲ್ಲಿ ಕಲಾ ನಿರ್ದೇಶಕ. ಅಂದರೆ ದೊಡ್ಡ ಮನೆಯೊಳಗೆ ಇದ್ದು ಹೊರಗೆ ಬಂದವರು. ಪಂಕ್ ಅನ್ನುವ ಅಬ್ಬರದ ಹಾಡಿನ ಹುಚ್ಚು ಹತ್ತಿದ ಹುಡುಗರು ಬಟ್ಟೆಗೆ ಪಿನ್ನು ಚುಚ್ಚಿಕೊಂಡು, ಕೂದಲು ನಿಲ್ಲಿಸಿಕೊಂಡು ಬೀದಿ ತುಂಬ ಓಡಾಡುತ್ತಿದ್ದ ಕಾಲ ಅದು. ಅವರನ್ನು ಹಾಕಲು ಒಂದು ಪುಟ ಬೇಕಿತ್ತು. ಮೊದಲ ಸಂಚಿಕೆ ಮ್ಯಾಗಜಿನ್ ತರ ಇರಲೇ ಇಲ್ಲ. ಅಡ್ಡ ಆಕಾರ, ಟೈಪ್‌ರೈಟರ್ ಅಕ್ಷರ, ಸ್ಟೇಪ್ಲರ್ ಪಿನ್ನು, ಬೆಲೆ 50 ಪೆನ್ಸ್. ಹೆಸರಿನ ಎರಡು ಇಂಗ್ಲಿಷ್ ಅಕ್ಷರವನ್ನು (i-D) ಅಡ್ಡ ತಿರುಗಿಸಿದರೆ ಕಣ್ಣು ಹೊಡೆಯುವ ನಗುಮುಖ ಕಾಣುತ್ತದೆ. ಅದಕ್ಕೇ ಮುಖಪುಟದಲ್ಲಿ ಯಾರೇ ಬರಲಿ, ಒಂದು ಕಣ್ಣು ಮುಚ್ಚಿರಬೇಕು, ಇಲ್ಲವೇ ಮರೆಯಲ್ಲಿರಬೇಕು. ಅವ್ವನಿಗೆ ಇದನ್ನು ಹೇಳಿದೆ. ‘ಚಾಳೀಸು ವರ್ಷ ಕಣ್ಣ ಹೊಡದ್ರ ಕಣ್ಣ ಉಳೀತಾವನು?’ ಅಂದಳು.

ಒಳಗಿದ್ದದ್ದು ಇನ್ನೂ ಸರಳ. ಬೀದಿಯಲ್ಲಿ ಸಿಕ್ಕವರನ್ನು ಒಂದು ಗೋಡೆಗೆ ನಿಲ್ಲಿಸುವುದು. ತಲೆಯಿಂದ ಕಾಲಿನವರೆಗೆ ಪೂರ್ತಿ ಕಾಣುವಂತೆ ಒಂದು ಫೋಟೊ. ಪಕ್ಕದಲ್ಲಿ ಅವರ ಮಾತು: ನಾನು ಯಾರು, ಈ ಕೋಟು ಎಲ್ಲಿಂದ ಬಂತು, ಪ್ಯಾಂಟಿಗೆ ಎಷ್ಟು ಕೊಟ್ಟೆ, ಯಾವ ಹಾಡು ಕೇಳುತ್ತೇನೆ. ಇದಕ್ಕೆ ಅವರು ‘ಸ್ಟ್ರೇಟ್ ಅಪ್’ ಅಂತ ಹೆಸರಿಟ್ಟರು. ನೇರಾ ನೇರ ಅಂತ ಇಟ್ಟುಕೊಳ್ಳಿ.

ಇವತ್ತು ಬೀದಿಯ ಫ್ಯಾಷನ್ ಅನ್ನುವುದು ಸವೆದ ಮಾತು. ಅವತ್ತು ಹಾಗಿರಲಿಲ್ಲ. ಫ್ಯಾಷನ್ ಅನ್ನುವುದು ಮೇಲಿನಿಂದ ಕೆಳಕ್ಕೆ ಇಳಿಯಬೇಕಿತ್ತು. ಪ್ಯಾರಿಸ್ಸಿನಲ್ಲಿ ಒಬ್ಬರು ಹೊಲಿದರು, ಮ್ಯಾಗಜಿನ್ ತೋರಿಸಿತು, ಸಾಹುಕಾರರು ಕೊಂಡರು, ಉಳಿದವರು ದರ್ಜಿಯ ಹತ್ತಿರ ಹೋಗಿ ಇದೇ ತರ ಹೊಲಿ ಅಂದರು. ಐ-ಡಿ ಈ ಏಣಿಯನ್ನು ತಲೆಕೆಳಗು ಮಾಡಿತು. ಅದೇ ವರ್ಷ ಅದೇ ಊರಿನಲ್ಲಿ ‘ದಿ ಫೇಸ್’ ಅನ್ನುವ ಮ್ಯಾಗಜಿನ್ ಕೂಡ ಹುಟ್ಟಿತು. ತಮಾಷೆ ಅಂದರೆ ನಮ್ಮಲ್ಲಿ ‘ಲಂಕೇಶ್ ಪತ್ರಿಕೆ’ ಹೊರಬಂದದ್ದೂ 1980ರಲ್ಲೇ. ಇವಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ, ಬಟ್ಟೆಯ ವಿಷಯವಂತೂ ಅದರದ್ದಲ್ಲವೇ ಅಲ್ಲ. ಆದರೆ ಜಾಹೀರಾತಿಲ್ಲದೆ ಓದುಗರ ದುಡ್ಡಿನಲ್ಲೇ ನಡೆದ ಪತ್ರಿಕೆ ಅದು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಅದರ ಸಾದಾ ಕಾಗದ ನೋಡಿ ಕೈ ಚಾಚುತ್ತಿದ್ದವರಿಗೆ ಈ ಹುಡುಗಿಯ ಹುಚ್ಚು ಸ್ವಲ್ಪವಾದರೂ ಅರ್ಥವಾದೀತು.

ಜಾಹೀರಾತಿನ ಮಾತು ಬಂತಲ್ಲ, ಇಡೀ ವ್ಯತ್ಯಾಸ ಅಲ್ಲೇ ಇದೆ. ಮಿರಿಮಿರಿ ಮಿಂಚುವ ದೊಡ್ಡ ಮ್ಯಾಗಜಿನ್ನುಗಳು ನಾವು ಕೊಡುವ ಬೆಲೆಯಿಂದ ನಡೆಯುವುದಿಲ್ಲ, ಕಂಪನಿಗಳು ಕೊಡುವ ಜಾಹೀರಾತಿನಿಂದ ನಡೆಯುತ್ತವೆ. ಮುಂದಿನ ಪುಟದಲ್ಲಿ ಒಂದು ಕಂಪನಿಯ ಜಾಹೀರಾತು ಬಂದರೆ, ನಡುವಿನ ಪುಟದ ಫೋಟೊದಲ್ಲಿ ಅದೇ ಕಂಪನಿಯ ಕೋಟು ಕಂಡರೆ ಆಶ್ಚರ್ಯವಿಲ್ಲ. ಮೋಸ ಅಂತ ಅಲ್ಲ, ವ್ಯವಹಾರ. ಅದು ಕಾಣಬೇಕಾದರೆ ಫೋಟೊ ನೋಡಬೇಡಿ, ಫೋಟೊದ ಕೆಳಗಿನ ಸಾಲು ನೋಡಿ. ಅಲ್ಲಿ ಕೋಟಿನ ಹೆಸರು ಇರುತ್ತದೆ, ಬೆಲೆ ಇರುತ್ತದೆ. ಹಾಕಿಕೊಂಡವರು ಬರೀ ಹ್ಯಾಂಗರು.

ಇದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ‘ವೋಗ್’ ಭಾರತದಲ್ಲಿ ಶುರುವಾದದ್ದು 2007ರಲ್ಲಿ. ಮರುವರ್ಷ ಆಗಸ್ಟ್ ಸಂಚಿಕೆಯಲ್ಲಿ ಅವರು ಬಡವರ ಕೈಗೆ ದುಬಾರಿ ಸಾಮಾನು ಕೊಟ್ಟು ಫೋಟೊ ತೆಗೆದರು. ಹಲ್ಲು ಬಿದ್ದ ಮುದುಕಿಯ ಕಂಕುಳಲ್ಲಿ ಕೂಸು, ಕೂಸಿನ ಕೊರಳಿಗೆ ಫೆಂಡಿ ಕಂಪನಿಯ ಜೊಲ್ಲುಬಟ್ಟೆ. ಅದರ ಬೆಲೆ ಸುಮಾರು 100 ಡಾಲರ್. ಇನ್ನೊಂದರಲ್ಲಿ ಬರಿಗಾಲಿನ ಒಬ್ಬ ಮನುಷ್ಯ, ಕೈಯಲ್ಲಿ ಬರ್ಬೆರಿ ಛತ್ರಿ, ಸುಮಾರು 200 ಡಾಲರ್. ದೊಡ್ಡ ಗದ್ದಲವಾಯಿತು. ಬಡತನವನ್ನು ಅಲಂಕಾರ ಮಾಡಿದರು ಅಂತ ಜಾಸ್ತಿ ಜನ ಬೈದರು. ನನಗೆ ಚುಚ್ಚಿದ್ದು ಅದಕ್ಕಿಂತ ಚಿಕ್ಕ ವಿಷಯ. ಕೆಳಗಿನ ಸಾಲಿನಲ್ಲಿ ಜೊಲ್ಲುಬಟ್ಟೆಗೆ ಹೆಸರಿತ್ತು, ಛತ್ರಿಗೆ ಹೆಸರಿತ್ತು. ಮುದುಕಿಗೆ ಇರಲಿಲ್ಲ. ಅವಳು ಉಟ್ಟ ಸೀರೆ ಯಾವುದು, ಅದು ಎಲ್ಲಿಂದ ಬಂತು ಅಂತ ಯಾರೂ ಕೇಳಿರಲಿಲ್ಲ. ಫ್ಯಾಷನ್ ಮ್ಯಾಗಜಿನ್ನು, ಎದುರಿಗೇ ಒಂದು ಸೀರೆ, ಆದರೂ ಕಾಣಲಿಲ್ಲ!

ಹುಡುಗಿಯನ್ನು ಹಿಡಿದಿಟ್ಟದ್ದು ಈ ಕೆಳಗಿನ ಸಾಲೇ ಅಂತ ನನ್ನ ಲೆಕ್ಕ. ಅವಳ ಹತ್ತಿರ ‘ಫ್ರೂಟ್ಸ್’ ಅನ್ನುವ ಜಪಾನಿ ಮ್ಯಾಗಜಿನ್ನಿನ ಪುಟಗಳೂ ಇದ್ದವು. ಶೋಯಿಚಿ ಅವೋಕಿ ಅನ್ನುವ ಫೋಟೊಗ್ರಾಫರ್ 1997ರಿಂದ ಟೋಕಿಯೊದ ಹರಾಜುಕು ಬೀದಿಯಲ್ಲಿ ನಿಂತು ತೆಗೆದವು. ಪುಟಕ್ಕೆ ಒಬ್ಬರೋ ಇಬ್ಬರೋ. ಬಟ್ಟೆಯ ಮೇಲೆ ಬಟ್ಟೆ, ಅಜ್ಜಿಯ ಕಿಮೋನೊ ತುಂಡಿನ ಜೊತೆ ಪ್ಲಾಸ್ಟಿಕ್ ಆಟಿಕೆ. ಕೆಳಗೆ ಅವರ ವಯಸ್ಸು, ಏನು ಮಾಡುತ್ತಾರೆ, ಯಾವುದು ಕೊಂಡದ್ದು, ಯಾವುದು ಕೈಯಲ್ಲಿ ಹೊಲಿದದ್ದು. ಅಷ್ಟೇ. ಇದನ್ನು ಕೊಳ್ಳಿ ಅಂತ ಎಲ್ಲೂ ಇಲ್ಲ. ಆಸೆ ಹುಟ್ಟುತ್ತದೆ ನಿಜ, ಆದರೆ ಅಂಗಡಿಗೆ ಓಡುವ ಆಸೆಯಲ್ಲ, ಮನೆಯ ಟ್ರಂಕು ತೆಗೆದು ನೋಡುವ ಆಸೆ. 2017ರಲ್ಲಿ ಅವೋಕಿ ಅದನ್ನು ನಿಲ್ಲಿಸಿದರು. ಫೋಟೊ ತೆಗೆಯುವಂಥ ಹುಡುಗರು ಈಗ ಬೀದಿಯಲ್ಲಿ ಸಿಗುತ್ತಿಲ್ಲ ಅನ್ನುವುದು ಅವರು ಕೊಟ್ಟ ಕಾರಣ.

ಇನ್ನು ನಮ್ಮ ಕಡೆಗೆ ಬರೋಣ. ಮ್ಯಾಗಜಿನ್ ತಿರುವಿದ ಮರುದಿನ ಬೆಳಿಗ್ಗೆ ಅವಳು ಕ್ಯಾಮೆರಾ ತಗೊಂಡು ಹೊರಟಳು. ಜೊತೆಗೆ ನಾನೂ ಹೋದೆ. ಊರ ಹೊರಗೆ ಟಂಟಂ ಆಟೊ ನಿಲ್ಲುವ ಜಾಗ. ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಬುತ್ತಿ ಗಂಟು ಹಿಡಿದು ನಿಂತಿದ್ದರು. ನಾನು ದಿನಾ ನೋಡುವ ನೋಟ, ಅಂದರೆ ಎಂದೂ ನೋಡದ ನೋಟ. ಸೀರೆ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ. ಕಫ್ ಗುಂಡಿ ಹಾಕಿದೆ, ಕಾಲರು ಮೇಲಕ್ಕೆ ಎತ್ತಿದೆ, ತಲೆಗೆ ಟವೆಲ್ಲು. ಕಬ್ಬಿನ ರವದಿ ಕೈ ಕೊಯ್ಯುತ್ತದೆ, ಹತ್ತಿ ಕಾಯಿಯ ತೊಟ್ಟು ಚುಚ್ಚುತ್ತದೆ, ಬಿಸಿಲು ಸುಡುತ್ತದೆ. ಅದಕ್ಕೆ ಅಂಗಿ. ಈ ಸೀಮೆಯಲ್ಲಿ ಯಾವ ಹೊಲದ ಬದುವಿನಲ್ಲಿ ನಿಂತರೂ ಕಾಣುವ ಉಡುಪು ಇದು. ಇದಕ್ಕೊಂದು ಹೆಸರಿಲ್ಲ. ಇದು ಯಾವ ಕ್ಯಾಲೆಂಡರಿನಲ್ಲೂ, ಯಾವ ಉತ್ಸವದ ಮೆರವಣಿಗೆಯಲ್ಲೂ ‘ನಮ್ಮ ಉಡುಪು’ ಅಂತ ಬಂದದ್ದನ್ನು ನಾನು ನೋಡಿಲ್ಲ. ದೊಡ್ಡ ಫ್ಯಾಷನ್ ಮನೆಗಳು ಮಾತ್ರ ಗಂಡಸರ ಅಂಗಿ ಹೆಂಗಸರ ಮೈಮೇಲೆ ಹಾಕಿ ಹೊಸದು ಅಂತ ತೋರಿಸುತ್ತಲೇ ಇರುತ್ತವೆ.

ಒಬ್ಬಾಕೆಯ ಅಂಗಿ ಬೇರೆ ತರ ಇತ್ತು. ತಿಳಿ ಗುಲಾಬಿ ಬಣ್ಣ, ಹೊಳೆಯುವ ಬಟ್ಟೆ, ಕಿಸೆಯ ಮೇಲೆ ಸಣ್ಣ ಹೊಲಿಗೆ ಗೆರೆ. ಯಾರದು ಅಂತ ಹುಡುಗಿ ಕೇಳಿದಳು.

‘ನಮ್ಮನಿಯವರದು ರೀ. ಮದುವ್ಯಾಗ ಹೊಲಿಸಿದ್ದು. ಈಗ ಹೊಟ್ಟಿ ಬಂದೈತಿ, ಅವರಿಗೆ ಹಿಡಿಯೂದಿಲ್ಲ.’

ಉಳಿದವರೆಲ್ಲ ಹೋ ಅಂತ ನಕ್ಕರು. ಹೆಸರು ಕೇಳಿದರೆ ‘ಹೆಸರ ಬ್ಯಾಡ’ ಅಂದಳು. ಅಂಗಿಯ ಸುದ್ದಿ ಬರೆಯಬಹುದಾ ಅಂದರೆ, ‘ಅದನ್ನ ಬರಿ’ ಅಂದಳು. ಫೋಟೊಕ್ಕೆ ನಿಂತಳು, ಕಾಲರು ತಾನೇ ಸರಿ ಮಾಡಿಕೊಂಡಳು. ಟಂಟಂ ಹತ್ತುವಾಗ ತಿರುಗಿ ಹೇಳಿದಳು: ‘ನಂದೊಂದು ನನಗ ಕೊಡಬೇಕ ಮತ್ತ.’

ಇಲ್ಲಿ ನನ್ನ ಲೆಕ್ಕ ಸ್ವಲ್ಪ ತಿದ್ದಿಕೊಳ್ಳಬೇಕಾಯಿತು. ಕೆಳಗಿನ ಸಾಲಿನಲ್ಲಿ ಹೆಸರು ಇರಲೇಬೇಕು ಅಂತಿಲ್ಲ. ಆಕೆಗೆ ಹೆಸರು ಬೇಡವಾಗಿತ್ತು, ಅಂಗಿಯ ಕಥೆ ಬೇಕಿತ್ತು. ವೋಗ್‌ನ ಮುದುಕಿಯ ಹೆಸರು ಇರಲಿಲ್ಲ ಅನ್ನುವುದಕ್ಕಿಂತ, ಏನು ಬರೆಯಬೇಕು ಅಂತ ಅವಳನ್ನು ಕೇಳಿದ ಗುರುತೇ ಅಲ್ಲಿ ಇರಲಿಲ್ಲ ಅನ್ನುವುದು ದೊಡ್ಡದು. ಕ್ಯಾಮೆರಾ ಹಿಡಿದವರು ಯಾವತ್ತೂ ಒಂದು ಮೆಟ್ಟಿಲು ಮೇಲೆಯೇ ನಿಂತಿರುತ್ತಾರೆ. ಬೇರೆ ದಾರಿಯ ಮ್ಯಾಗಜಿನ್ನುಗಳೂ ಇದಕ್ಕೆ ಹೊರತಲ್ಲ. ಕೇಳುವ ಅಭ್ಯಾಸ ಇದ್ದವರು ಕೊಂಚ ಕೆಳಗೆ ಇಳಿಯುತ್ತಾರೆ, ಅಷ್ಟೇ.

ಇನ್ನೊಂದು ವಿಷಯ. ಅವರು ಹಾಕಿದ್ದು ‘ಫ್ಯಾಷನ್’, ನಾವು ಉಟ್ಟದ್ದು ‘ಸಂಪ್ರದಾಯ’. ಈ ವಿಂಗಡಣೆ ಎಷ್ಟು ಸಲೀಸಾಗಿ ನಮ್ಮ ಬಾಯಲ್ಲೂ ಬರುತ್ತದೆ ನೋಡಿ. ಇಳಕಲ್ ಸೀರೆ ಅಂದಕೂಡಲೇ ಪರಂಪರೆ ಅನ್ನುತ್ತೇವೆ, ಅದು ಬದಲಾಗಿಯೇ ಇಲ್ಲವೇನೋ ಅನ್ನುವ ಹಾಗೆ. ಕಚ್ಚೆ ಹಾಕಿ ಉಡುವವರಿಗೆ ಒಂಬತ್ತು ಗಜ, ಎಂಟು ಗಜ ಬೇಕಿತ್ತು. ಲಂಗದ ಮೇಲೆ ಉಡುವ ರೂಢಿ ಬಂದ ಮೇಲೆ ಆರು ಗಜ ಸಾಕಾಯಿತು. ಸೆರಗಿನ ರೇಷ್ಮೆಯ ಜಾಗಕ್ಕೆ ಎಷ್ಟೋ ಕಡೆ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ ಬಂತು. ದಡಿಯಲ್ಲಿ ಚಿಕ್ಕಿ ಪರಾಸ ಬೇಕೋ ಗೋಮಿ ಬೇಕೋ ಅಂತ ಹೆಣ್ಣುಮಕ್ಕಳು ಅಂಗಡಿಯಲ್ಲಿ ಅರ್ಧ ದಿನ ಜಗಳ ಆಡಿದ್ದಾರೆ. ಇದು ಫ್ಯಾಷನ್ ಅಲ್ಲದೆ ಇನ್ನೇನು? ಗುಳೇದಗುಡ್ಡದ ಖಣ ನೋಡಿ. ತ್ರಿಕೋನ ಮಡಿಕೆಯಲ್ಲಿ ಉಡಿಗೆ ಬಂದು, ಕುಬಸ ಆಗಿ ಮುಗಿಯುತ್ತಿದ್ದ ಬಟ್ಟೆ. ಈಗ ಅದು ಫ್ರಾಕು, ಕುರ್ತಾ, ಕೈಚೀಲ, ಇಡೀ ಸೀರೆ.

ಬದಲಾಗದೆ ನಿಂತದ್ದು ಮಗ್ಗದ ಕೆಲಸ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕುಣಿಕೆ ಹಾಕಿ ಸೇರಿಸುತ್ತಾರೆ. ತೋಪ ತೆನಿ ಅನ್ನುತ್ತಾರೆ ಇದಕ್ಕೆ. ಉದ್ದದ ಹಾಸು ಹೂಡಿ ಸಾಲಾಗಿ ಹತ್ತು ಸೀರೆ ನೇಯುವ ಹಾಗಿಲ್ಲ, ಸೀರೆಗೊಮ್ಮೆ ಹೂಡಬೇಕು, ಸೀರೆಗೊಮ್ಮೆ ಕೂಡಿಸಬೇಕು. ಸೆರಗಿನಲ್ಲಿ ಬಾಚಣಿಗೆಯ ಹಲ್ಲು, ಜೋಳದ ತೆನೆ, ಕೋಟೆಯ ಗೋಡೆ. ಇಳಕಲ್ ಸೀರೆಗೂ ಗುಳೇದಗುಡ್ಡ ಖಣಕ್ಕೂ ಜಿಐ ಗುರುತು ಇದೆ, ಅಂದರೆ ಈ ಹೆಸರು ಈ ಸೀಮೆಯಲ್ಲಿ ಮಾಡಿದ್ದಕ್ಕೆ ಮಾತ್ರ ಅನ್ನುವ ಸರ್ಕಾರಿ ಗುರುತು. ಆದರೂ ಅಂಗಡಿಯ ಚೀಟಿಯಲ್ಲಿ ಸುಮ್ನೆ ‘ಇಳಕಲ್’ ಅಂತ ಒಂದೇ ಶಬ್ದ. ಕೈಮಗ್ಗವೋ ಪಾವರ್‌ಲೂಮೋ, ಹತ್ತಿಯೋ ಪಾಲಿಸ್ಟರೋ, ನೇಯ್ದವರು ಯಾರೋ, ಆ ಒಂದು ಶಬ್ದದೊಳಗೆ ಎಲ್ಲಾ ಮುಚ್ಚಿಹೋಗುತ್ತದೆ. ಇದೂ ಒಂದು ಕೆಳಗಿನ ಸಾಲೇ.

ಕೆಳಗಿನ ಸಾಲು ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು 2025ರ ಜೂನ್‌ನಲ್ಲಿ ಎಲ್ಲರೂ ನೋಡಿದರು. ಇಟಲಿಯ ಮಿಲಾನ್‌ನಲ್ಲಿ ಪ್ರಾಡಾ ಕಂಪನಿ ಗಂಡಸರ ಉಡುಪಿನ ಪ್ರದರ್ಶನ ಮಾಡಿತು. ಮಾಡೆಲ್‌ಗಳ ಕಾಲಲ್ಲಿ ನೋಡಿದರೆ ನಮ್ಮ ಕೊಲ್ಹಾಪುರಿ ಚಪ್ಪಲಿ! ಅವರ ವಿವರದಲ್ಲಿ ಇದ್ದದ್ದು ಚರ್ಮದ ಸ್ಯಾಂಡಲ್ ಅಂತ ಮಾತ್ರ. ಕೊಲ್ಹಾಪುರವೂ ಇಲ್ಲ, ಭಾರತವೂ ಇಲ್ಲ. ಹೆಸರು ಕೊಲ್ಹಾಪುರದ್ದಾದರೂ ಈ ಚಪ್ಪಲಿ ನಮ್ಮದೂ ಹೌದು. 2019ರ ಜಿಐ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ನಾಲ್ಕೂ ಇವೆ. ಅಥಣಿ, ನಿಪ್ಪಾಣಿ ಕಡೆ ಮನೆಮನೆಗಳಲ್ಲಿ ಚರ್ಮ ಹದ ಮಾಡಿ, ಮೊಳೆ ಹೊಡೆಯದೆ ಚರ್ಮದ ಎಳೆಯಿಂದಲೇ ಹೊಲಿಯುವ ಕೆಲಸ ಅದು. ಗದ್ದಲ ಎದ್ದ ಮೇಲೆ ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಂ ಮತ್ತು ನಮ್ಮ ಲಿಡ್ಕರ್ ಅನ್ನುವ ಸರ್ಕಾರಿ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದವಾಯಿತು. ಇಲ್ಲೇ 2000 ಜೋಡಿ ಮಾಡಿಸುವುದು, ಜೋಡಿಗೆ ಸುಮಾರು 800 ಯೂರೋ ಬೆಲೆ ಇಡುವುದು ಅಂತ ಸುದ್ದಿ ಬಂತು. ಒಂದು ಸಾಲು ಬಿಟ್ಟದ್ದಕ್ಕೆ ಇಷ್ಟೆಲ್ಲ. ಆ ಸಾಲನ್ನು ಮತ್ತೆ ಬರೆಸಿದ ಮೇಲೂ, ಅದರಲ್ಲಿ ಊರಿನ ಹೆಸರು ಬರುತ್ತದೆ, ರಾಜ್ಯದ ಹೆಸರು ಬರುತ್ತದೆ. ಹೊಲಿದವರ ಹೆಸರು ಬರುತ್ತದಾ, ಆ 800ರಲ್ಲಿ ಅವರ ಪಾಲು ಎಷ್ಟು, ಅದನ್ನು ಕೇಳುವ ಪುಟ ಬೇಕು. ಅಂಥ ಕಂಪನಿಯ ಜಾಹೀರಾತು ಹಾಕುವ ಪುಟ ಇದನ್ನು ಕೇಳುವುದು ಕಷ್ಟ.

ಹೊಲಿದವರ, ನೇಯ್ದವರ ಹೆಸರು ಪುಟಕ್ಕೆ ತರುವ ಹಟ ಲಂಡನ್ನಿನಿಂದ ಬರಬೇಕಾಗಿಲ್ಲ. ನಮ್ಮ ಹಳೇ ಜಿಲ್ಲೆಯಲ್ಲೇ ಇತ್ತು. 1997ರವರೆಗೆ ಬಾಗಲಕೋಟೆ ವಿಜಯಪುರ ಜಿಲ್ಲೆಯದ್ದೇ ಭಾಗ. ಆ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಅಂತ ಒಂದು ಮುದ್ರಣಾಲಯ ಹಾಕಿದರು. ಅದಕ್ಕಾಗಿ ಇದ್ದ ಮನೆ ಮಾರಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ತಾಳೆಗರಿಯಲ್ಲಿ ಸಿಕ್ಕ ವಚನಗಳನ್ನು ಓದುಗರಿಗೆ ಮುಟ್ಟಿಸಿದ ಪತ್ರಿಕೆ ಅದು. ಬಟ್ಟೆಯ ಲೇಖನದಲ್ಲಿ ಇದೆಲ್ಲಿಂದ ಬಂತು ಅನ್ನಬೇಡಿ. ಮಾದಾರ ಚೆನ್ನಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ. ಹೆಸರಿನಲ್ಲೇ ಕೆಲಸ ಇದೆ ನೋಡಿ. ಚರ್ಮ, ಬಟ್ಟೆ, ಹಗ್ಗ, ಬುಟ್ಟಿ, ದೋಣಿ. ಲಾಭ ಬರುವ ಪತ್ರಿಕೆ ಅಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೂ ದಶಕಗಳ ಕಾಲ ನಡೆಸಿದರು.

ಲಾಭ ಬರದಿದ್ದರೆ ಎಲ್ಲರಿಗೂ ಹಾಗೆ ನಡೆಸಲು ಆಗುವುದಿಲ್ಲ. ‘ದಿ ಫೇಸ್’ 2004ರಲ್ಲಿ ಮುಚ್ಚಿತು, 2019ರಲ್ಲಿ ಮತ್ತೆ ಎದ್ದಿತು. ಐ-ಡಿ 2012ರಲ್ಲಿ ಒಂದು ದೊಡ್ಡ ಮಾಧ್ಯಮ ಕಂಪನಿಯ ಪಾಲಾಯಿತು, 2023ರಲ್ಲಿ ಮಾಡೆಲ್ ಕಾರ್ಲಿ ಕ್ಲಾಸ್ ಅವರ ಕಂಪನಿ ಕೊಂಡಿತು. ಸ್ಟೇಪ್ಲರ್ ಪಿನ್ನಿನ ಪತ್ರಿಕೆ ಹೊಳಪು ಕಾಗದಕ್ಕೆ ಏರಿ ಬಹಳ ಕಾಲವಾಯಿತು. ಈಗ ಅದರಲ್ಲೂ ದುಬಾರಿ ಬ್ರ್ಯಾಂಡುಗಳ ಜಾಹೀರಾತು ಇದೆ. ಕಣ್ಣು ಇನ್ನೂ ಹೊಡೆಯುತ್ತದೆ. ಯಾರಿಗೆ ಅನ್ನುವ ಅವ್ವನ ಪ್ರಶ್ನೆ ಈಗ ಇನ್ನೂ ಗಟ್ಟಿಯಾಗಿದೆ ಅಂತ ನನಗೆ ಅನ್ನಿಸುತ್ತದೆ. ಹುಡುಗಿ ಇದನ್ನು ಒಪ್ಪುವುದಿಲ್ಲ. ‘ಕಾಕಾ, ನೀವು ಹೊಸಾದ ಓದಿಲ್ಲ, ಸುಮ್ನ ಹೇಳ್ತೀರಿ’ ಅನ್ನುತ್ತಾಳೆ. ಇರಬಹುದು.

ಫೋನಿನಲ್ಲಿ ಸಿಗದ್ದು ಇದರಲ್ಲಿ ಏನಿದೆ ಅಂತ ಅವಳನ್ನೇ ಕೇಳಿದೆ. ಫೋನು ನಾನು ನಿನ್ನೆ ನೋಡಿದ್ದನ್ನೇ ಇವತ್ತೂ ತೋರಿಸುತ್ತದೆ ಅಂದಳು. ಒಂದು ಸಲ ಖಣದ ಕುಬಸ ನೋಡಿದರೆ ತಿಂಗಳುಗಟ್ಟಲೆ ಖಣದ ಕುಬಸವೇ. ಮ್ಯಾಗಜಿನ್ನಿನಲ್ಲಿ ಪುಟ ತಿರುವಿದರೆ ನಾನು ಕೇಳದೇ ಇದ್ದ ಮನುಷ್ಯ ಬಂದು ನಿಲ್ಲುತ್ತಾನೆ. ಮತ್ತೆ ಅದು ಮುಗಿಯುತ್ತದೆ. ಮುಗಿಯುತ್ತದೆ ಅನ್ನುವುದು ಇಷ್ಟಪಡುವ ಸಂಗತಿ ಅಂತ ನನಗೆ ಹೊಳೆದೇ ಇರಲಿಲ್ಲ.

ರಜೆ ಮುಗಿಯುವಷ್ಟರಲ್ಲಿ ಅವಳೂ ಒಂದು ಪತ್ರಿಕೆ ಮಾಡಿದಳು. ಒಂದೇ ಎ4 ಹಾಳೆ. ನಡುವೆ ಒಂದು ಕತ್ತರಿ ಗೀಟು ಹಾಕಿ ಮಡಚಿದರೆ ಎಂಟು ಪುಟ ಆಗುತ್ತದೆ. ಅಂಟು ಬೇಡ, ಪಿನ್ನು ಬೇಡ. ಝೆರಾಕ್ಸ್ ಅಂಗಡಿಯಲ್ಲಿ ಅರವತ್ತು ಪ್ರತಿ ತೆಗೆಸಿದಳು. ಬಣ್ಣದ ಪ್ರತಿಗೆ ದುಡ್ಡು ಸಾಲದೆ ಕಪ್ಪು ಬಿಳುಪು. ಆ ಯಂತ್ರದಲ್ಲಿ ಕೆಂಪು ಪೂರಾ ಕಪ್ಪಾಗಿ ಬಂತು. ಅವ್ವನ ದಾಳಿಂಬೆ ಬಣ್ಣದ ಇಳಕಲ್ ಸೀರೆಯ ಫೋಟೊ ನೋಡಿ ಹುಡುಗಿ ಅಳುವ ಹಾಗಾದಳು. ಅವ್ವ ಕನ್ನಡಕ ಏರಿಸಿ ನೋಡಿ, ‘ಕರೀ ಚಂದ್ರಕಾಳಿ ಸೀರಿ ಆತಲ್ಲ, ಛಲೋ ಆತು. ನನಗ ಯಾರೂ ಚಂದ್ರಕಾಳಿ ತಂದಿದ್ದಿಲ್ಲ’ ಅಂದಳು. ಕೆಳಗೆ ಏನು ಬರೆಯಬೇಕು ಅಂತ ಹುಡುಗಿ ಮೊದಲೇ ಕೇಳಿದ್ದಳು. ಅವ್ವ ತನ್ನ ಹೆಸರನ್ನೂ ಹೇಳಲಿಲ್ಲ, ಸೀರೆಯ ಹೆಸರನ್ನೂ ಹೇಳಲಿಲ್ಲ. ‘ದಡಿ ಹರದಿತ್ತು, ನಾನ ಹೊಲದೇನಿ ಅಂತ ಬರಿ’ ಅಂದಿದ್ದಳು. ಹಾಗೇ ಬರೆದಿದ್ದಾಳೆ.

ಹೊರಡುವ ದಿನ ಬೆಳಿಗ್ಗೆ ಮತ್ತೆ ಟಂಟಂ ನಿಲ್ಲುವಲ್ಲಿಗೆ ಹೋದೆವು. ಆಕೆ ಅದೇ ಗುಲಾಬಿ ಅಂಗಿಯಲ್ಲಿದ್ದಳು. ಪತ್ರಿಕೆ ಕೊಟ್ಟೆವು. ತನ್ನ ಪುಟ ಹುಡುಕಿ ಬಹಳ ಹೊತ್ತು ನೋಡಿದಳು. ಪಕ್ಕದವಳು ಇಣುಕಿ, ಕೆಳಗೆ ಏನು ಬರೆದಾರ ಅಂತ ಕೇಳಿದಳು. ಈಕೆ ಜೋರಾಗಿ ಓದಿದಳು: ‘ಗಂಡನ ಮದುವೆ ಅಂಗಿ. ಅವರಿಗೆ ಈಗ ಹಿಡಿಯೂದಿಲ್ಲ.’ ಮತ್ತೆ ನಗು.

‘ಬಣ್ಣ ಯಾಕ ಬಂದಿಲ್ಲ?’ ಅಂತ ಹುಡುಗಿಯನ್ನು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಎಂಟು ಪುಟವನ್ನು ಇನ್ನೊಂದು ಮಡಿಕೆ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು, ಬುತ್ತಿ ಎತ್ತಿಕೊಂಡು ಟಂಟಂ ಹತ್ತಿದಳು.